ಬೆರಳಿನ ಲೆಕ್ಕ

ಪೀಣ್ಯದ ಕಡೆ ‘ಓ.ಟಿ.’ ಎಂಬ ಎರಡಕ್ಷರಕ್ಕೆ ಮೂರು ಅರ್ಥಗಳುಂಟು. ಕಾರ್ಖಾನೆಯ ಗೇಟಿನಲ್ಲಿ ಕೇಳಿದರೆ ಅದು ಓವರ್‌ಟೈಮು. ಆಸ್ಪತ್ರೆಯ ಪಡಸಾಲೆಯಲ್ಲಿ ಕೇಳಿದರೆ ಆಪರೇಷನ್ ಥಿಯೇಟರು. ಮೊದಲನೆಯದನ್ನು ಕೇಳಿ ಮನೆಮಂದಿಯ ಮುಖ ಅರಳುತ್ತದೆ, ಎರಡನೆಯದನ್ನು ಕೇಳಿ ಬಾಡುತ್ತದೆ. ಮೂರನೆಯ ಅರ್ಥವನ್ನು ಬಲ್ಲವರು ಕಡಮೆ. ಆಕ್ಯುಪೇಷನಲ್ ಥೆರಪಿ ಎಂಬುದು ಅದರ ಪೂರ್ಣನಾಮ. ದಾಸರಹಳ್ಳಿಯ ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ಪ್ರೆಸ್ ಆಪರೇಟರೊಬ್ಬರಿಗೆ ಡಾಕ್ಟರು “ಸೋಮವಾರದಿಂದ ಓ.ಟಿ.ಗೆ ಬನ್ನಿ” ಎಂದಾಗ, ಮತ್ತೊಮ್ಮೆ ಕೈ ಕೊಯ್ಯುತ್ತಾರೆಂದೇ ತಿಳಿದು ಆತನ ಹೆಂಡತಿ ಗ್ರಾಮದೇವತೆಗೆ ಹರಕೆ ಹೊತ್ತಳು.

ಆತನ ಹೆಸರನ್ನು ನಾನು ಬರೆಯುವುದಿಲ್ಲ. ಈ ಲೇಖನದ ವಿಷಯ ತಿಳಿಸಿದಾಗ, “ಬರೀರಿ ಮೇಷ್ಟ್ರೆ, ಹೆಸರು ಮಾತ್ರ ಬ್ಯಾಡ, ಇನ್ನೂ ಅಲ್ಲೇ ಕೆಲಸ ಮಾಡ್ಬೇಕಲ್ಲ” ಎಂದ. ಕುಣಿಗಲ್ ಸೀಮೆಯವನು, ವಯಸ್ಸು ನಲವತ್ತೈದರ ಆಸುಪಾಸು. ಇಪ್ಪತ್ತು ವರ್ಷಗಳಿಂದ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಪವರ್ ಪ್ರೆಸ್ಸಿನ ಮುಂದೆ ನಿಂತವನು. ಪ್ರೆಸ್ಸು ಎಂದರೆ ಮುದ್ರಣಾಲಯವೆಂದೇ ಭಾವಿಸುವ ನಮ್ಮಂಥ ಸಾಹಿತ್ಯದ ವಿದ್ಯಾರ್ಥಿಗಳಿಗಾಗಿ ಒಂದು ಮಾತು ಹೇಳಬೇಕು. ತಗಡಿನ ಹಾಳೆಯನ್ನು ಕೆಳಗಿನ ಅಚ್ಚಿನ ಮೇಲೆ ಇಟ್ಟು ಕಾಲಿನಿಂದ ಪೆಡಲು ತುಳಿದರೆ, ಮೇಲಿನ ಅಚ್ಚು ಹಲವು ಟನ್ನುಗಳ ಭಾರದೊಡನೆ ಇಳಿದು ತಗಡನ್ನು ಬೇಕಾದ ಆಕಾರಕ್ಕೆ ಕತ್ತರಿಸುತ್ತದೆ. ಇಡುವ ಕೈ ಹಿಂದಕ್ಕೆ ಬರುವುದೂ ತುಳಿಯುವ ಕಾಲು ಕೆಳಕ್ಕೆ ಹೋಗುವುದೂ ದಿನಕ್ಕೆ ಸಾವಿರಾರು ಸಲ ತಾಳ ತಪ್ಪದೆ ನಡೆಯಬೇಕು. ತಾಳ ತಪ್ಪಿದರೆ ಕೈಯನ್ನು ಕಾಯಲೆಂದೇ ಯಂತ್ರಕ್ಕೆ ‘ಗಾರ್ಡು’ ಎಂಬ ಬೇಲಿಯನ್ನು ಹಾಕುತ್ತಾರೆ. ಅಪಾಯದ ಯಂತ್ರಭಾಗಗಳಿಗೆ ಬೇಲಿ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. ಬೇಲಿಯಿದ್ದರೆ ಕೆಲಸ ನಿಧಾನವಾಗುತ್ತದೆ. ಆದ್ದರಿಂದ ಅದನ್ನು ಕಳಚಿ ಗೋಡೆಗೆ ಒರಗಿಸಿಡುವ ಪದ್ಧತಿಯೂ ಉಂಟು. ಎರಡನೆಯ ಶಿಫ್ಟಿನ ಕೊನೆಯ ಗಂಟೆಯಲ್ಲಿ, ಬೇಲಿಯಿಲ್ಲದ ಯಂತ್ರದಲ್ಲಿ, ಆತನ ಬಲಗೈಯ ತೋರುಬೆರಳೂ ನಡುಬೆರಳೂ ಹೋದುವು. ಉಂಗುರದ ಬೆರಳು ಜಜ್ಜಿ ಉಳಿಯಿತು.

ಗಾಯ ಮಾಯುವವರೆಗಿನ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ನನಗೆ ಹೊಸದಾಗಿ ಕಂಡದ್ದು ಅದರ ಮುಂದಿನ ಭಾಗ. ಆತನ ಮಗಳು ನಮ್ಮ ಕಾಲೇಜಿನಲ್ಲಿ ಓದುತ್ತಾಳಾದ್ದರಿಂದ ಎರಡು ಮೂರು ಸಲ ಆತನ ಜೊತೆಗೆ ನಾನೂ ಹೋಗಿದ್ದೆ. ಥೆರಪಿಯ ಕೊಠಡಿ ಆಸ್ಪತ್ರೆಯಂತೆ ಕಾಣುವುದಿಲ್ಲ. ಗೃಹಪ್ರವೇಶಕ್ಕೆ ಮುನ್ನ ಸಾಮಾನುಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದ ಮನೆಯಂತೆ ಕಾಣುತ್ತದೆ. ಹಲಗೆಗೆ ಮೊಳೆ ಹೊಡೆದು ಕೂಡಿಸಿದ ಬೀಗಗಳು, ನಲ್ಲಿಗಳು, ಚಿಲಕಗಳು. ಅಂಗಿಯ ಗುಂಡಿಗಳನ್ನು ಹೊಲಿದ ಬಟ್ಟೆ. ಅವರೆಕಾಳು ತುಂಬಿದ ಬೋಗುಣಿ. ಬಟ್ಟೆ ಒಣಗಹಾಕುವ ಕ್ಲಿಪ್ಪುಗಳು. ನಟ್ಟು, ಬೋಲ್ಟು, ಸ್ಪ್ಯಾನರು. ಬಿಸಿನೀರಿನಲ್ಲಿ ಅದ್ದಿದರೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುವ ಒಂದು ಬಗೆಯ ಪ್ಲಾಸ್ಟಿಕ್ ಹಾಳೆಯನ್ನು ಕೈಯ ಮೇಲೆ ಒತ್ತಿ, ಆರುವವರೆಗೆ ಹಿಡಿದು, ಬೆರಳು ಸೆಟೆಯದಂತೆ ಕಾಪಾಡುವ ಪಟ್ಟಿಯನ್ನು ಅಲ್ಲಿಯೇ ತಯಾರಿಸುತ್ತಾರೆ. ಥೆರಪಿಸ್ಟ್ ಮಣಿಪಾಲದಲ್ಲಿ ಓದಿದ ಕರಾವಳಿಯ ತರುಣಿ. ಮೊದಲ ದಿನ ಆಕೆ ಗಾಯವನ್ನು ನೋಡುವುದಕ್ಕೆ ಮೊದಲೇ ಕೇಳಿದ ಪ್ರಶ್ನೆ: “ಅನ್ನ ಯಾವ ಕೈಯಲ್ಲಿ ಕಲಸುತ್ತೀರಿ?”

ಆತ ತಲೆ ತಗ್ಗಿಸಿದ. ಎರಡು ತಿಂಗಳಿಂದ ಹೆಂಡತಿ ತುತ್ತು ಮಾಡಿ ಕೊಡುತ್ತಿದ್ದಳಂತೆ. ನೆರೆಮನೆಯವನಾದ ನನಗೂ ಅದು ತಿಳಿದಿರಲಿಲ್ಲ.

ಈ ವಿದ್ಯೆಗೆ ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಎಂದು ಹೆಸರಿಟ್ಟಿದ್ದಾರೆ. ಹೆಸರನ್ನು ಕೇಳಿದವರು ಉದ್ಯೋಗ ಕೊಡಿಸುವ ಕಚೇರಿಯೆಂದು ತಿಳಿದು ಅರ್ಜಿ ಹಿಡಿದು ಬಂದ ಪ್ರಸಂಗಗಳೂ ಉಂಟಂತೆ. ಇಲ್ಲಿ ಉದ್ಯೋಗವೆಂದರೆ ನೌಕರಿ ಮಾತ್ರವಲ್ಲ. ಹಲ್ಲುಜ್ಜುವುದು, ಜಡೆ ಹೆಣೆಯುವುದು, ಬಸ್ಸು ಹತ್ತುವುದು, ಮಗುವನ್ನು ಎತ್ತಿಕೊಳ್ಳುವುದು, ಹೀಗೆ ಮನುಷ್ಯ ದಿನವಿಡೀ ಏನೇನು ಮಾಡುತ್ತಾನೋ ಅದೆಲ್ಲ. ‘ಕಾಯಕ ಚಿಕಿತ್ಸೆ’ ಎಂದಿದ್ದರೆ ಶರಣರ ನಾಡಿಗೆ ಒಪ್ಪುತ್ತಿತ್ತೆಂದು ನನಗೆ ತೋರುತ್ತದೆ. ಆದರೆ ಆಯುರ್ವೇದದ ಎಂಟು ಅಂಗಗಳಲ್ಲಿ ‘ಕಾಯಚಿಕಿತ್ಸೆ’ ಎಂಬುದೊಂದಿದೆ. ಅದು ಜ್ವರ, ಅಜೀರ್ಣಗಳ ಔಷಧಶಾಸ್ತ್ರ. ಒಂದು ಅಕ್ಷರದ ಅಂತರದಲ್ಲಿ ರೋಗಿ ಕಷಾಯದ ಅಂಗಡಿಗೆ ಹೋಗಿಬಿಟ್ಟಾನು! ಆದ್ದರಿಂದ ನನ್ನ ಸಲಹೆಯನ್ನು ನಾನೇ ಹಿಂದೆಗೆದುಕೊಂಡಿದ್ದೇನೆ.

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಮರಾಠಿ ಮನೆಯ ಸೊಸೆಯಾಗಿ ಬಂದ ಮಹಿಳೆ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಅವರು ಮೊದಲ ಶಾಲೆಯನ್ನು ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವನ್ನು ಕಟ್ಟಿದರು. ಅದೇ ವರ್ಷ ಹುಟ್ಟಿದ ಜಾಗತಿಕ ಒಕ್ಕೂಟದ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಇಷ್ಟು ಹಳೆಯ ವಿದ್ಯೆಯಾದರೂ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳನ್ನು ಡಾಕ್ಟರು ಮಾಡಬೇಕೋ ಇಂಜಿನಿಯರು ಮಾಡಬೇಕೋ ಎಂದು ಚರ್ಚೆ ನಡೆಯುವಾಗ ಇದರ ಹೆಸರು ಯಾರ ಬಾಯಲ್ಲಿಯೂ ಬರುವುದಿಲ್ಲ.

ಇನ್ನು ಬೆರಳಿನ ಬೆಲೆಯ ವಿಷಯಕ್ಕೆ ಬರೋಣ. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಕೊನೆಗೆ ಒಂದು ಅನುಸೂಚಿಯಿತ್ತು, 1948ರ ಇ.ಎಸ್.ಐ. ಕಾಯಿದೆಯ ಕೊನೆಗೂ ಅಂಥದೇ ಒಂದು. ಮನುಷ್ಯದೇಹದ ಯಾವ ಭಾಗ ಹೋದರೆ ಸಂಪಾದನೆಯ ಶಕ್ತಿ ನೂರಕ್ಕೆ ಎಷ್ಟು ಕುಂದಿತೆಂದು ಅದರಲ್ಲಿ ಬರೆದಿದ್ದರು. ಹೆಬ್ಬೆರಳು ಪೂರ್ತಿ ಹೋದರೆ 30, ತೋರುಬೆರಳು 14, ನಡುಬೆರಳು 12, ಉಂಗುರದ ಬೆರಳೋ ಕಿರುಬೆರಳೋ ಆದರೆ 7. ಮೂಳೆ ಹೋಗದೆ ತುದಿ ಮಾತ್ರ ಕತ್ತರಿಸಿದ್ದರೆ ತೋರುಬೆರಳಿಗೆ 5. ಒಂದು ಕೈಯ ಎರಡು ಬೆರಳುಗಳು ಹೋದರೆ 20. ತೋರುಬೆರಳಿನ 14ಕ್ಕೆ ನಡುಬೆರಳಿನ 12ನ್ನು ಕೂಡಿದರೆ 26 ಆಗಬೇಕಲ್ಲ ಎಂದು ನಾನು ಕಾಗದದ ಮೇಲೆ ಎರಡು ಸಲ ಕೂಡಿ ನೋಡಿದೆ. ಒಂದೊಂದಾಗಿ ಕೊಂಡರೆ ಒಂದು ದರ, ಜೋಡಿಯಾಗಿ ಕೊಂಡರೆ ಇನ್ನೊಂದು ದರ! ಬಲಗೈಗೂ ಎಡಗೈಗೂ ಪಟ್ಟಿಯಲ್ಲಿ ಭೇದವಿಲ್ಲ. ಬರೆಯುವವನ ಬಲಗೈ, ಪಿಟೀಲು ನುಡಿಸುವವನ ಎಡಗೈ ಎಲ್ಲವೂ ಒಂದೇ ತಕ್ಕಡಿಯಲ್ಲಿ. ಈ ಎರಡು ಕಾಯಿದೆಗಳ ವಿಷಯವೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಆ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದಕ್ಕೂ ಇಂಥದೊಂದು ಪಟ್ಟಿಯುಂಟು.

ಪಟ್ಟಿಯನ್ನು ಹಳಿಯುವುದು ಸುಲಭ. ಪಟ್ಟಿಯೇ ಇಲ್ಲದಿದ್ದರೆ ಬೆರಳು ಕಳೆದುಕೊಂಡವನು ಮಾಲಿಕನ ದಯೆಯನ್ನೋ ಗುಮಾಸ್ತನ ಮನಸ್ಸನ್ನೋ ಕಾಯಬೇಕಾಗುತ್ತಿತ್ತು ಎಂಬುದನ್ನೂ ನೆನೆಯಬೇಕು. ಆದರೆ ಒಂದು ತೊಡಕು ಉಳಿಯುತ್ತದೆ. ಹೋದ ಬೆರಳಿಗೆ ಪಟ್ಟಿಯುಂಟು; ಉಳಿದ ಬೆರಳಿಗೆ ಪಟ್ಟಿಯಿಲ್ಲ. ನಮ್ಮ ನೆರೆಯವನ ಉಂಗುರದ ಬೆರಳು ಇದೆ, ಮಡಿಸಲಾರದು. ಮಣಿಕಟ್ಟು ಇದೆ, ಪೂರ್ತಿ ತಿರುಗದು. ಅವಕ್ಕೆ ನೂರಕ್ಕೆ ಎಷ್ಟೆಂದು ನಿರ್ಣಯಿಸುವುದು ಮೆಡಿಕಲ್ ಬೋರ್ಡು. ಬೋರ್ಡಿನ ಮುಂದೆ ಹೋಗುವ ಕಾಗದಗಳಲ್ಲಿ ಥೆರಪಿಸ್ಟಿನ ವರದಿಯೂ ಒಂದು.

ಇ.ಎಸ್.ಐ. ಲೆಕ್ಕವನ್ನು ಉದಾಹರಣೆಯಿಂದ ಹೇಳುತ್ತೇನೆ. ದಿನಗೂಲಿಯ ಸರಾಸರಿ 600 ರೂಪಾಯಿ ಎಂದಿಟ್ಟುಕೊಂಡರೆ ಅದರಲ್ಲಿ ನೂರಕ್ಕೆ 90 ಭಾಗ, ಎಂದರೆ 540, ಪೂರ್ಣ ದರ. ಸಂಪಾದನೆಯ ಶಕ್ತಿ ನೂರಕ್ಕೆ 20 ಕುಂದಿದ್ದರೆ ದಿನಕ್ಕೆ 108 ರೂಪಾಯಿ. ಮೂವತ್ತು ದಿನದ ತಿಂಗಳಿಗೆ 3,240. ಅದೇ ನೂರಕ್ಕೆ 30 ಎಂದಾದರೆ 4,860. ನಡುವಣ ವ್ಯತ್ಯಾಸ 1,620 ರೂಪಾಯಿ. ಅದೂ ಒಂದು ತಿಂಗಳಿಗಲ್ಲ, ಬದುಕಿರುವವರೆಗೆ. ಕಾಲೇಜಿಗೆ ಹೋಗುವ ಮಗಳಿರುವ ಮನೆಯಲ್ಲಿ ಆ ಮೊತ್ತ ಎಷ್ಟು ದೊಡ್ಡದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ಈಗ ಸಂಕಟವನ್ನು ನೋಡಿ. ಚಿಕಿತ್ಸೆ ಫಲಿಸಿದಷ್ಟೂ ಪರಿಹಾರ ಕಡಮೆಯಾಗುತ್ತದೆ. ಹಿಡಿತದ ಬಲವನ್ನು ಕಿಲೋಗಳಲ್ಲಿ ತೋರಿಸುವ ಒಂದು ಹಿಡಿಕೆಯಂಥ ಉಪಕರಣ ಆಕೆಯ ಮೇಜಿನ ಮೇಲಿತ್ತು. ಮೊದಲ ವಾರ ಬಲಗೈಯಲ್ಲಿ ಮುಳ್ಳು 6ರ ಆಚೆ ಹೋಗಲಿಲ್ಲ. ಮೂರನೆಯ ತಿಂಗಳಿಗೆ 17ಕ್ಕೆ ಬಂದಿತು. ಅನ್ನ ಕಲಸುವುದು ಬಂದಿತು. ಅಂಗಿಯ ಗುಂಡಿ ಬಂದಿತು. ಆಗಲೇ ಆತನ ಗೆಳೆಯರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಪದೇಶ ಮಾಡಿದರು: “ಬೋರ್ಡು ಮುಗಿಯೋವರೆಗೂ ಮೆತ್ತಗೆ ಹಿಡಿ.”

ಮರುದಿನ ಆತ ಮೆತ್ತಗೆ ಹಿಡಿದ. ಆಕೆ ಮೂರು ಸಲ ಹಿಡಿಸಿದಳು. 9 ಬಂದಿತು, 14 ಬಂದಿತು, 7 ಬಂದಿತು. ನಿಜವಾಗಿ ಪೂರ್ತಿ ಬಲ ಹಾಕಿದ ಕೈ ಮೂರು ಸಲವೂ ಸುಮಾರು ಒಂದೇ ಅಂಕಿಯನ್ನು ತೋರಿಸುತ್ತದೆಯಂತೆ. ಸುಳ್ಳು ಹಿಡಿತಕ್ಕೆ ತಾನು ಹಿಂದೆ ಎಷ್ಟು ಹಿಡಿದಿದ್ದೆನೆಂಬ ನೆನಪಿರುವುದಿಲ್ಲ. ಆಕೆ ಆ ಅಂಕಿಗಳನ್ನು ಬರೆದುಕೊಳ್ಳಲಿಲ್ಲ. ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟು, “ಇವತ್ತು ಬೇಡ. ನಾಳೆ ಬನ್ನಿ, ಅಣ್ಣ” ಎಂದಳು.

ನಾಳೆ ಆತ ನನ್ನನ್ನೂ ಕರೆದುಕೊಂಡು ಹೋದ. ಮೇಷ್ಟ್ರು ಹೇಳಿದರೆ ಕೇಳಿಯಾಳು ಎಂಬ ನಂಬಿಕೆ. ಕೊಠಡಿಯಲ್ಲಿ ಕುಳಿತು ಆತ ನೇರವಾಗಿಯೇ ಕೇಳಿದ:

“ಅಮ್ಮಾ, ನೀವು ಕೈ ಚೆಂದ ಮಾಡಿದ್ರಿ. ಅದಕ್ಕೆ ಸಾಯೋವರೆಗೂ ನೆನೀತೀನಿ. ಕಾಗ್ದದಾಗೆ ಮಾತ್ರ ಸ್ವಲ್ಪ ಕಮ್ಮಿ ಬರೀರಿ. ನಿಮ್ಮ ಗಂಟೇನ್ ಹೋಗ್ತದೆ?”

ಆಕೆ ಸಿಟ್ಟಾಗಲಿಲ್ಲ, ನೀತಿಬೋಧೆಯನ್ನೂ ಮಾಡಲಿಲ್ಲ. “ನಾನು ಕಡಮೆ ಬರೆದೆ ಎಂದಿಟ್ಟುಕೊಳ್ಳಿ. ಬೋರ್ಡಿನವರು ನಿಮ್ಮ ಕೈಯನ್ನು ಅವರ ಕಣ್ಣಾರೆ ನೋಡುತ್ತಾರೆ. ಅಲ್ಲಿ ನಿಮ್ಮ ಕೈಯೇ ನನ್ನ ಕಾಗದವನ್ನು ಸುಳ್ಳು ಮಾಡುತ್ತದೆ. ಆಮೇಲೆ ನನ್ನ ಹತ್ತಿರ ಬರುವ ಉಳಿದವರ ಕಾಗದವನ್ನು ಅವರು ಯಾಕೆ ನಂಬಬೇಕು? ಮುಂದಿನ ಬೆಂಚಿನಲ್ಲಿ ಕೂತ ಆ ಹುಡುಗನ ಕೈ ನಿಜವಾಗಿಯೂ ಆರು ಕಿಲೋ ದಾಟಿಲ್ಲ” ಎಂದಳು. ಸ್ವಲ್ಪ ಹೊತ್ತು ತಡೆದು, “ಕಡಮೆ ಬರೆಯುವುದು ಬೇರೆ, ಪೂರ್ತಿ ಬರೆಯುವುದು ಬೇರೆ. ನಾನು ಪೂರ್ತಿ ಬರೆಯುತ್ತೇನೆ” ಎಂದಳು.

ಪೂರ್ತಿ ಬರೆಯುವುದೆಂದರೆ ಏನೆಂಬುದನ್ನು ನಾನು ಆಮೇಲೆ ಆತ ತಂದು ತೋರಿಸಿದ ವರದಿಯಲ್ಲಿ ಓದಿದೆ. ಬೆಳಗ್ಗೆ 17 ಕಿಲೋ ತೋರಿಸಿದ ಕೈ, ಒಂದು ಗಂಟೆ ಸ್ಪ್ಯಾನರು ತಿರುಗಿಸಿದ ಮೇಲೆ 9ಕ್ಕೆ ಇಳಿಯುತ್ತದೆ. ತಣ್ಣೀರು ತಾಕಿದರೆ ಬೆರಳಿನ ಮೋಟಿನಲ್ಲಿ ನೋವು. ಈತನ ಕೆಲಸ ಪೆಡಲು ತುಳಿಯುವುದಷ್ಟೇ ಅಲ್ಲ, ಅಚ್ಚನ್ನು ಕಟ್ಟುವುದೂ ಹೌದು. ಅದಕ್ಕೆ ತೋರುಬೆರಳಿನ ತುದಿಯಿಂದ ಸಂದನ್ನು ಮುಟ್ಟಿ ಅಳೆಯಬೇಕು. ಆ ಬೆರಳು ಇಲ್ಲ. ಕುಳಿತು ಮಾಡುವ ತಪಾಸಣೆಯ ಕೆಲಸವನ್ನು ಮಾಡಬಲ್ಲ. ಪ್ರೆಸ್ಸಿನ ಮುಂದೆ ನಿಲ್ಲಿಸಿದರೆ ಈತನಿಗೂ ಪಕ್ಕದವನಿಗೂ ಅಪಾಯ. ಒಂದು ವಿಶೇಷಣವಿಲ್ಲ, ಒಂದು ಉದ್ಗಾರವಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಗದ್ಯದ ಮಾದರಿಯೆಂದು ಓದಿಸಬಹುದಾದ ಎರಡು ಪುಟಗಳು!

ಇಂಥ ವರದಿ ಏಕೆ ಮುಖ್ಯವೆಂಬುದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಹೇಳಬಹುದು. ಒರಿಸ್ಸಾದ ಜೇಪುರದಲ್ಲಿ 1968ರಲ್ಲಿ ಸಿನಿಮಾ ಮಂದಿರವೊಂದರಲ್ಲಿ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡಗೈಯನ್ನು ಕಳೆದುಕೊಂಡ. ಪಟ್ಟಿಯ ಪ್ರಕಾರ ಅದು ಭಾಗಶಃ ನಷ್ಟವೆಂದು ಮಾಲಿಕನ ವಾದ. ಒಂದೇ ಕೈಯಲ್ಲಿ ಮರಗೆಲಸ ಮಾಡುವ ಬಡಗಿ ಉಂಟೆ? ಆತನಿಗೆ ಆದದ್ದು ಪೂರ್ಣ ನಷ್ಟವೇ ಎಂದು ಪರಿಹಾರದ ಕಮಿಷನರು ಹೇಳಿದ್ದನ್ನು ಕೋರ್ಟು 1975ರಲ್ಲಿ ಎತ್ತಿಹಿಡಿಯಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಮೊಕದ್ದಮೆಯೆಂದು ಅದು ಪ್ರಸಿದ್ಧವಾಗಿದೆ. ಅನಂತರ 2010ರಲ್ಲಿ, ರಾಜಕುಮಾರ್ ಎಂಬವರ ವಾಹನಾಪಘಾತದ ಮೊಕದ್ದಮೆಯಲ್ಲಿ, ಅಂಗದ ನಷ್ಟ ಬೇರೆ, ಸಂಪಾದನೆಯ ನಷ್ಟ ಬೇರೆ ಎಂದು ಅದೇ ಕೋರ್ಟು ಬಿಡಿಸಿ ಹೇಳಿತು. ಕೈ ಹೋದ ಚಾಲಕನಿಗೂ ಕೈ ಹೋದ ಗುಮಾಸ್ತನಿಗೂ ನಷ್ಟ ಸಮವಲ್ಲ. ಅಂಗವನ್ನು ಡಾಕ್ಟರು ಅಳೆಯಬಲ್ಲರು; ಆ ಅಂಗ ಇಲ್ಲದೆ ಈ ಮನುಷ್ಯನ ಯಾವ ಕೆಲಸ ನಿಂತಿತೆಂಬುದನ್ನು ಗಂಟೆಗಟ್ಟಲೆ ನೋಡಿದವರು ಬೇಕು. ಥೆರಪಿಸ್ಟಿನ ಮಾತಿಗೆ ತೂಕ ಬರುವುದು ಅಲ್ಲಿ. ತೂಕವಿರುವ ಮಾತನ್ನು ಆಡುವವರ ಮೇಲೆ ಹೊಣೆಯೂ ಅಷ್ಟೇ ಇರುತ್ತದೆ.

ಆಕೆಯ ಮೇಲೆ ಒತ್ತಡ ಒಂದೇ ಕಡೆಯಿಂದ ಬರಲಿಲ್ಲ. ಕಾರ್ಖಾನೆಯ ಸಿಬ್ಬಂದಿ ಅಧಿಕಾರಿಯಿಂದ ಕಾಗದ ಬಂದಿತು. ಅದರಲ್ಲಿ ಎರಡು ಕೋರಿಕೆಗಳಿದ್ದವು. ಮೊದಲನೆಯದು, ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ಈತ ‘ಕೆಲಸಕ್ಕೆ ಅರ್ಹ’ ಎಂದು ಬರೆದುಕೊಡಬೇಕು. ಎರಡನೆಯದು ಇನ್ನೂ ನಯವಾದ ಕೋರಿಕೆ: ಅಪಘಾತ ಹೇಗಾಯಿತೆಂಬುದರ ಬಗ್ಗೆ ಈತ ಚಿಕಿತ್ಸೆಯ ಸಮಯದಲ್ಲಿ ಏನು ಹೇಳಿದ್ದಾನೆ, ಕುಡಿಯುವ ಅಭ್ಯಾಸವೇನಾದರೂ ಇದೆಯೆ, ದಯವಿಟ್ಟು ತಿಳಿಸಬೇಕು.

ಕೈ ನೀವುವಾಗ ಮನುಷ್ಯ ಮಾತನಾಡುತ್ತಾನೆ. ಡಾಕ್ಟರ ಮುಂದೆ ಮೂರು ನಿಮಿಷ ನಿಲ್ಲುವವನು ಇಲ್ಲಿ ಮುಕ್ಕಾಲು ಗಂಟೆ ಕೂರುತ್ತಾನೆ, ತಿಂಗಳುಗಟ್ಟಲೆ. ಗಾರ್ಡನ್ನು ಯಾರು ಕಳಚಿದರು, ಯಾರು ಕಳಚಲು ಹೇಳಿದರು, ಅಂದು ಎಷ್ಟು ಗಂಟೆಯಿಂದ ನಿದ್ದೆಯಿರಲಿಲ್ಲ, ಮನೆಯಲ್ಲಿ ಏನು ಜಗಳ ಎಂಬುದೆಲ್ಲ ಅವರೆಕಾಳಿನ ಬೋಗುಣಿಯ ಮುಂದೆ ಹೊರಬಿದ್ದಿತ್ತು. ಇದನ್ನು ನನಗೆ ಹೇಳಿದವನು ರೋಗಿಯೇ. ಆಕೆಯ ಬಾಯಿಂದ ನಾನು ಒಂದಕ್ಷರವನ್ನೂ ಕೇಳಿಲ್ಲ. ಆಕೆ ಆ ಕಾಗದವನ್ನು ಮುಚ್ಚಿಡದೆ ಆತನಿಗೇ ತೋರಿಸಿ, ಓದಿ ಹೇಳಿ, ಕೈಯಿಂದ ಯಾವ ಕೆಲಸ ಆಗುತ್ತದೆ ಯಾವುದು ಆಗದು ಎಂಬಷ್ಟನ್ನು ಮಾಲಿಕರಿಗೆ ತಿಳಿಸಲು ಆತನ ಲಿಖಿತ ಒಪ್ಪಿಗೆ ಪಡೆದಳು. ಉತ್ತರದಲ್ಲಿ ಅಷ್ಟನ್ನೇ ಬರೆದಳು. ಉಳಿದ ಪ್ರಶ್ನೆಗಳಿಗೆ, ‘ಅದು ಚಿಕಿತ್ಸೆಯ ಗೋಪ್ಯಕ್ಕೆ ಸೇರಿದ್ದು’ ಎಂಬ ಒಂದೇ ವಾಕ್ಯ. ಡಾಕ್ಟರಿಗೂ ವಕೀಲರಿಗೂ ಸಲ್ಲುವ ಈ ಗೋಪ್ಯದ ನಿಯಮ ತಮಗೂ ಸಲ್ಲುತ್ತದೆಂದು ಈ ವೃತ್ತಿಯವರ ನೀತಿಸಂಹಿತೆ ಹೇಳುತ್ತದೆ. ಆದರೆ ನೌಕರಿಯ ಹೊಸದರಲ್ಲಿರುವ ತರುಣಿ, ದಿನಕ್ಕೆ ಹತ್ತಾರು ಕಾರ್ಮಿಕರನ್ನು ಆಸ್ಪತ್ರೆಗೆ ಕಳಿಸುವ ಕಾರ್ಖಾನೆಗಳ ನಡುವೆ ಕುಳಿತು, ಹಾಗೆ ಬರೆಯಬೇಕಾದರೆ ಸಂಹಿತೆಯೊಂದೇ ಸಾಲದೆಂದು ನನ್ನ ಭಾವನೆ.

ಬೋರ್ಡಿನಿಂದ ಆತನಿಗೆ ಬಂದ ಅಂಕಿ, ಆಸೆಪಟ್ಟದ್ದಕ್ಕಿಂತ ಕಡಮೆ, ಹೆದರಿದ್ದಕ್ಕಿಂತ ಹೆಚ್ಚು. ಮೇಲ್ಮನವಿಯ ದಾರಿ ತೆರೆದಿದೆ; ಹೋಗುವುದೋ ಬಿಡುವುದೋ ಎಂದು ಗಂಡ ಹೆಂಡಿರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಕಾರ್ಖಾನೆಯವರು ತಪಾಸಣೆಯ ಮೇಜಿನಲ್ಲಿ ಕೂರಿಸಿದ್ದಾರೆ. ಸಂಬಳ ಅದೇ, ಆದರೆ ಆ ಮೇಜಿಗೆ ಓವರ್‌ಟೈಮಿಲ್ಲ. ಪಟ್ಟಿಯಲ್ಲಿ ಅದಕ್ಕೆ ಅಂಕಿಯೂ ಇಲ್ಲ. ಆತ ಆಕೆಯ ಮೇಲೆ ಕೆಲವು ದಿನ ಮುನಿಸಿಕೊಂಡಿದ್ದ; ಹಬ್ಬಕ್ಕೆ ಹೋಳಿಗೆ ಕಳಿಸಿದಾಗ ಮುನಿಸು ಹೋಯಿತೆಂದು ತಿಳಿದೆ. ರೋಗಿಗಳಿಂದ ಕಾಣಿಕೆ ತೆಗೆದುಕೊಳ್ಳಬಾರದೆಂಬ ನಿಯಮವಿದೆಯಂತೆ. ಹೋಳಿಗೆಯನ್ನು ಆಕೆ ಕೊಠಡಿಯಲ್ಲಿದ್ದವರಿಗೆಲ್ಲ ಹಂಚಿ ತಾನು ಅರ್ಧ ತಿಂದಳಂತೆ. ಆ ಅರ್ಧ ಹೋಳಿಗೆ ನಿಯಮಕ್ಕೆ ಹೊರಗೋ ಒಳಗೋ ಎಂಬುದನ್ನು ನ್ಯಾಯಶಾಸ್ತ್ರಜ್ಞರು ಹೇಳಬೇಕು.

ನಗರದ ಇನ್ನೊಂದು ಅಂಚಿನಲ್ಲಿ ಈ ವಿದ್ಯೆಯ ಚಹರೆಯೇ ಬೇರೆ. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ಹಳ್ಳಿಯಾಗಿ ಹುಟ್ಟಿದ ವೈಟ್‌ಫೀಲ್ಡು ಇಂದು ಅಪಾರ್ಟ್‌ಮೆಂಟುಗಳ ಕಾಡು. ಅಲ್ಲಿಯ ತಾಯಂದಿರಿಗೆ ‘ಓ.ಟಿ.’ ಎಂದರೆ ಮೂರನೆಯ ಅರ್ಥವೇ ಮೊದಲು ಹೊಳೆಯುತ್ತದೆ. ಆಟಿಸಂ ಇರುವ ಮಕ್ಕಳಿಗೆ ಉಯ್ಯಾಲೆ, ಮರಳು, ಮಣಿಗಳ ಮೂಲಕ ದಿನಚರಿಯನ್ನು ಕಲಿಸುವ ಕೇಂದ್ರಗಳು ಬೀದಿಗೊಂದು. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಕಂಪ್ಯೂಟರಿನ ಮುಂದೆ ಮಣಿಕಟ್ಟು ನೋಯಿಸಿಕೊಂಡವರೂ ಇವರ ಬಳಿಗೇ ಬರುತ್ತಾರೆ; ಅವರ ವಿಷಯ ಇಲ್ಲಿ ಬೇಡ. ಮಕ್ಕಳ ವಿಷಯ ಮಾತ್ರ ಹೇಳಲೇಬೇಕು. ನನ್ನ ಸಹೋದ್ಯೋಗಿಯೊಬ್ಬರ ಐದು ವರ್ಷದ ಮಗ ಅಂಥ ಒಂದು ಕೇಂದ್ರಕ್ಕೆ ಹೋಗುತ್ತಿದ್ದ. ಒಂದು ದಿನ ನೆಂಟರೊಬ್ಬರು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ, “ಇವನು ನಿಮ್ಮ ಮಗುವಲ್ಲವೆ?” ಎಂದರಂತೆ. ಮಗು ಮೊದಲು ಅಳುತ್ತಿರುವುದು, ಆಮೇಲೆ ನಗುತ್ತಿರುವುದು, ಕೆಳಗೆ ಕೇಂದ್ರದ ಹೆಸರು ಮತ್ತು ಫೋನ್ ನಂಬರು. ತಾಯಿ ತಂದೆಯರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದಕ್ಕೆ, “ಸೇರಿಸುವಾಗ ಸಹಿ ಹಾಕಿದ್ದೀರಲ್ಲ, ಹದಿನಾಲ್ಕನೆಯ ಅಂಶ ನೋಡಿ” ಎಂಬ ಉತ್ತರ. ಅಕ್ಷರ ಎಷ್ಟು ಸಣ್ಣದೆಂದರೆ ಹದಿನಾಲ್ಕನೆಯ ಅಂಶವನ್ನು ಓದುವುದಕ್ಕೆ ಸಹೋದ್ಯೋಗಿಯು ಕನ್ನಡಕವನ್ನು ತೆಗೆದು ಕಾಗದವನ್ನು ಮೂಗಿಗೆ ಹಿಡಿಯಬೇಕಾಯಿತು.

ಯಾರು ಈ ವೃತ್ತಿಯನ್ನು ಮಾಡಬಹುದು ಎಂಬುದಕ್ಕೇ ಬಹುಕಾಲ ದೇಶವ್ಯಾಪಿಯಾದ ಕಾಯಿದೆಯಿರಲಿಲ್ಲ. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮ ತಮ್ಮ ಪರಿಷತ್ತುಗಳಿಗೆ ಕಾಯಿದೆ ಮಾಡಿದುವು. ಇಡೀ ದೇಶಕ್ಕೆ ಅನ್ವಯಿಸುವ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಬಂದದ್ದು 2021ರಲ್ಲಿ. ಓದು ಎಷ್ಟಿರಬೇಕು, ಹೆಸರು ಯಾವ ದಾಖಲೆಯಲ್ಲಿರಬೇಕು, ದುರ್ನಡತೆಗೆ ಯಾರು ಕೇಳಬೇಕು ಎಂಬುದಕ್ಕೆ ಅದು ಆಧಾರ ಒದಗಿಸಿತು. ಮಗುವನ್ನು ಕರೆದುಕೊಂಡು ಹೋಗುವವರು ಶುಲ್ಕವನ್ನು ಕೇಳುವುದಕ್ಕೆ ಮೊದಲು ಪದವಿಯನ್ನೂ ನೋಂದಣಿಯನ್ನೂ ಕೇಳುವುದು ಸಂಕೋಚದ ವಿಷಯವಲ್ಲ. ಮೂರು ತಿಂಗಳಲ್ಲಿ ‘ಗುಣಪಡಿಸುತ್ತೇವೆ’ ಎಂದು ಗೋಡೆಯ ಮೇಲೆ ಬರೆಸಿದ್ದರೆ ಏನನ್ನೂ ಕೇಳದೆ ಹಿಂದಿರುಗುವುದೇ ಲೇಸು.

ಕೆಲಸವೇ ಚಿಕಿತ್ಸೆಯಾದಾಗ ಇನ್ನೊಂದು ಅಪಾಯವೂ ಉಂಟು. ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳಿಂದ ನೇಯ್ಗೆ, ತೋಟಗಾರಿಕೆ, ಅಡುಗೆ ಮಾಡಿಸುವುದು ಲೋಕದಲ್ಲೆಲ್ಲ ಹಳೆಯ ಪದ್ಧತಿ. ನಮ್ಮ ನಿಮ್ಹಾನ್ಸಿನ ಪುನರ್ವಸತಿ ವಿಭಾಗದ ಬೇಕರಿಯ ಬ್ರೆಡ್ಡನ್ನು ತಿಂದವರು ಬೆಂಗಳೂರಿನಲ್ಲಿ ಅನೇಕರಿದ್ದಾರೆ. ಮನಸ್ಸಿಗೆ ಹಿತವಾಗಲೆಂದು ಮಾಡಿಸುವ ಕೆಲಸ ಎಲ್ಲಿ ಮುಗಿದು ಬಿಟ್ಟಿ ದುಡಿಮೆ ಎಲ್ಲಿ ಮೊದಲಾಗುತ್ತದೆ? ಇದಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 20ನೆಯ ವಿಧಿ ಗೆರೆ ಎಳೆದಿದೆ. ಬಲವಂತದಿಂದ ದುಡಿಸಕೂಡದು, ದುಡಿದರೆ ತಕ್ಕ ಸಂಭಾವನೆ ಸಲ್ಲಬೇಕು.

ಇಷ್ಟೆಲ್ಲ ನನಗೆ ತಿಳಿದುಬಂದದ್ದು ಒಂದು ಅನುವಾದದ ದೆಸೆಯಿಂದ. ಕನ್ನಡ ಎಂ.ಎ. ಎಂದರೆ ಬೀದಿಯವರ ಅರ್ಜಿಗಳನ್ನು ಬರೆಯುವವನು ಎಂದೇ ನಮ್ಮ ಕಡೆ ಅರ್ಥ. ಆ ಥೆರಪಿಸ್ಟ್ ತಮ್ಮ ವಿಭಾಗದ ಒಪ್ಪಿಗೆ ಪತ್ರವನ್ನು ನನ್ನ ಕೈಗಿತ್ತು, “ಸಾರ್, ಇದು ಇಂಗ್ಲಿಷಿನಲ್ಲಿದೆ. ಇದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಕ್ಕೆ ನನಗೆ ನಾಚಿಕೆ ಆಗುತ್ತದೆ” ಎಂದಳು. ರೋಗಿಗೆ ತಿಳಿಯುವಂತೆ ಹೇಳಿ, ಆತ ತಿಳಿದು ಒಪ್ಪಿದರೆ ಮಾತ್ರ ಅದು ಒಪ್ಪಿಗೆ ಎಂದು ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಹೇಳಿತ್ತು. ಆ ತೀರ್ಪು ಶಸ್ತ್ರಚಿಕಿತ್ಸೆಯೊಂದರ ಬಗೆಗಿನದು; ಅದರ ತಿರುಳು ಆಕೆಯ ಮೇಜಿಗೂ ಸಲ್ಲುತ್ತದೆ. ಕಾರ್ಮಿಕರು ವಂತಿಗೆ ಕಟ್ಟುವುದರಿಂದ ಇ.ಎಸ್.ಐ. ಆಸ್ಪತ್ರೆಯ ಸೇವೆಯೂ ಬಿಟ್ಟಿಯಲ್ಲ, ಅಲ್ಲಿ ಲೋಪವಾದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಎಂದು ಅದೇ ಕೋರ್ಟು 2007ರಲ್ಲಿಯೇ ನಿರ್ಣಯಿಸಿತ್ತು.

ನನ್ನ ಮೊದಲ ಕರಡಿನಲ್ಲಿ ‘ಸಮ್ಮತಿಸಿರುತ್ತೇನೆ’, ‘ಬಹಿರಂಗಪಡಿಸಲು ಆಕ್ಷೇಪವಿರುವುದಿಲ್ಲ’ ಎಂದೆಲ್ಲ ಇತ್ತು. ವ್ಯಾಕರಣ ಶುದ್ಧ. ಆಕೆ ಅದನ್ನು ರಾಯಚೂರು ಕಡೆಯ ಗಾರ್ಮೆಂಟ್ಸ್ ಹೆಣ್ಣುಮಗಳೊಬ್ಬಳಿಗೆ ಓದಿ ಹೇಳಿದಳು. ಅವಳು ಸೆರಗನ್ನು ಸರಿಮಾಡಿಕೊಂಡು, “ಯಾರಿಗಿ ಆಕ್ಷೇಪ ಅದ, ನನಗೋ ನಿಮಗೋ?” ಎಂದು ಕೇಳಿದಳು. ಎರಡನೆಯ ಕರಡು ಹೀಗಾಯಿತು: ‘ನನ್ನ ಕೈಗೆ ಏನು ಮಾಡುತ್ತಾರೆಂದು ನನಗೆ ಹೇಳಿದ್ದಾರೆ. ನೋವಾಗಬಹುದೆಂದೂ ಹೇಳಿದ್ದಾರೆ. ಬೇಡವೆನಿಸಿದರೆ ನಾನು ಯಾವಾಗ ಬೇಕಾದರೂ ನಿಲ್ಲಿಸಬಹುದು. ನನ್ನ ವಿಷಯವನ್ನು ನನ್ನನ್ನು ಕೇಳದೆ ನನ್ನ ಮಾಲಿಕರಿಗೆ ಹೇಳುವುದಿಲ್ಲ.’ ಈ ಕೊನೆಯ ವಾಕ್ಯವನ್ನು ಬಿಡಬಹುದಲ್ಲ ಎಂದು ಆಸ್ಪತ್ರೆಯ ಕಚೇರಿಯವರೊಬ್ಬರು ಸೂಚಿಸಿದರು, ಆಕೆ ಬಿಡಲಿಲ್ಲ.

ಕರಡು ಮುಗಿಯಿತೆಂದುಕೊಂಡು ನಮ್ಮ ನೆರೆಯವನಿಗೂ ಓದಲು ಕೊಟ್ಟೆ. ಆತ ಕಾಗದವನ್ನು ಮೂರು ಬೆರಳಿನ ಬಲಗೈಯಲ್ಲಿ ಹಿಡಿದು, ತುಟಿಯಾಡಿಸುತ್ತ ಕೊನೆಯವರೆಗೂ ಓದಿ, ಮಡಿಸಿ, “ಎಲ್ಲಾ ಸರಿ ಐತೆ ಮೇಷ್ಟ್ರೆ. ಸಹಿ ಹಾಕಿದ್‌ಮ್ಯಾಲೆ ಇದರ ಒಂದು ಕಾಪಿ ನನ್ ಹತ್ರಾನೂ ಇರ್ತದಾ?” ಎಂದ. ಆ ವಿಷಯ ನನಗಾಗಲಿ ಆಕೆಗಾಗಲಿ ಹೊಳೆದಿರಲಿಲ್ಲ. ಈಗ ಪತ್ರದ ಕೊನೆಯಲ್ಲಿ ಐದನೆಯ ವಾಕ್ಯವೊಂದು ಸೇರಿದೆ. ಕಾರ್ಬನ್ ಹಾಳೆ ಇಲ್ಲದ ಈ ಕಾಲದಲ್ಲಿ ಪ್ರತಿಯೊಂದಕ್ಕೂ ಎರಡೆರಡು ಸಲ ಸಹಿ ಮಾಡಿಸುತ್ತಾರೆ.